ದಂಭವೂ ಪಕ್ಷಾಭಿಮಾನವೂ: ಒಂದು ಆತ್ಮಶೋಧನೆ



ಶ್ರೀಮದ್ಭಗವದ್ಗೀತೆಯ ಹದಿನಾರನೆಯ ಅಧ್ಯಾಯದಲ್ಲಿ ಶ್ರೀಕೃಷ್ಣಪರಮಾತ್ಮನು ಆಸುರೀ ಸಂಪತ್ತನ್ನು ಎಣಿಸುವಾಗ ಮೊಟ್ಟಮೊದಲು ಹೆಸರಿಸಿರುವುದು ದಂಭವನ್ನು. ಕ್ರೋಧವೂ ಅಜ್ಞಾನವೂ ಅದರ ಅನಂತರ ಬರುತ್ತವೆ. ಹದಿಮೂರನೆಯ ಅಧ್ಯಾಯದಲ್ಲಿ ಜ್ಞಾನಸಾಧನಗಳನ್ನು ಹೇಳುವಾಗಲೂ, ಮಾನವನ್ನು ಬಯಸದಿರುವ ಗುಣದ ಬೆನ್ನಿಗೇ ಅದಂಭಿತ್ವವನ್ನು ಹೇಳಿದ್ದಾನೆ. ದುರ್ಗುಣಗಳ ಪಟ್ಟಿಯಲ್ಲಿ ಇದಕ್ಕೇಕೆ ಅಗ್ರಸ್ಥಾನ ಎಂಬ ಸಂದೇಹವು ಪಾಠಶಾಲೆಯಲ್ಲಿದ್ದಾಗಲೇ ನನಗೆ ಬಂದಿತ್ತು. ಅದಕ್ಕೆ ಉತ್ತರವು ಪುಸ್ತಕದಿಂದ ದೊರೆಯಲಿಲ್ಲ. ನನ್ನದೇ ಒಂದು ಅಪರಾಧದಿಂದ ದೊರೆಯಿತು. ಆ ಅಪರಾಧವನ್ನು ಈ ಲೇಖನದಲ್ಲಿ ಮುಚ್ಚಿಡದೆ ಹೇಳಬೇಕೆಂದಿದ್ದೇನೆ.

ಕೋಪವು ಕೋಪವೆಂದು ಕೋಪಿಷ್ಠನಿಗೂ ತಿಳಿಯುತ್ತದೆ. ಲೋಭಿಯು ಏಕಾಂತದಲ್ಲಿಯಾದರೂ ತನ್ನ ಲೋಭವನ್ನು ಒಪ್ಪಿಕೊಳ್ಳುತ್ತಾನೆ. ದಂಭದ ರೀತಿಯೇ ಬೇರೆ. ಅದು ಧರ್ಮದ ಮಡಿಯನ್ನೇ ಉಟ್ಟು ಬರುತ್ತದೆ. ಸ್ನಾನ, ಜಪ, ಉಪವಾಸ, ದಾನಗಳ ರೂಪದಲ್ಲಿಯೇ ಮನೆಯೊಳಗೆ ಕಾಲಿಡುತ್ತದೆ. ಕಳ್ಳನು ಕಳ್ಳನಂತೆ ಬಂದರೆ ನಾಯಿ ಬೊಗಳೀತು. ಮನೆಯ ಯಜಮಾನನ ವೇಷದಲ್ಲಿ ಬಂದರೆ ನಾಯಿಯೂ ಬಾಲವಾಡಿಸುತ್ತದೆ. ದಂಭಕ್ಕೆ ಪ್ರಥಮಸ್ಥಾನ ಸಿಕ್ಕಿರುವುದು ಈ ಕಾರಣದಿಂದ ಎಂದು ನನ್ನ ಅಲ್ಪಮತಿಗೆ ತೋರುತ್ತದೆ.

ಮಹಾಭಾರತದ ಉದ್ಯೋಗಪರ್ವದಲ್ಲಿ ವಿದುರನು ಧೃತರಾಷ್ಟ್ರನಿಗೆ ಧರ್ಮದ ಎಂಟು ಮಾರ್ಗಗಳನ್ನು ಹೇಳುತ್ತಾನೆ: ಯಜ್ಞ, ಅಧ್ಯಯನ, ದಾನ, ತಪಸ್ಸು, ಸತ್ಯ, ಕ್ಷಮೆ, ದಯೆ, ಅಲೋಭ. ಇಷ್ಟನ್ನು ಹೇಳಿ ಆತನು ಒಂದು ಅದ್ಭುತವಾದ ವಿಭಾಗವನ್ನು ಮಾಡುತ್ತಾನೆ. ಮೊದಲಿನ ನಾಲ್ಕನ್ನು ದಂಭಕ್ಕಾಗಿಯೂ ಆಚರಿಸಬಹುದು. ಕಡೆಯ ನಾಲ್ಕು ಮಹಾತ್ಮರಲ್ಲದವರಲ್ಲಿ ನಿಲ್ಲುವುದೇ ಇಲ್ಲ. ಇದು ನಿಂತು ಯೋಚಿಸತಕ್ಕ ಮಾತು. ಯಜ್ಞಕ್ಕೆ ಮುಹೂರ್ತವುಂಟು, ಮಂಟಪವುಂಟು, ನೋಡುವವರುಂಟು. ಅಧ್ಯಯನಕ್ಕೆ ಸಭೆಯುಂಟು, ಶಾಲುಂಟು. ದಾನಕ್ಕೆ ರಸೀದಿಯುಂಟು. ಉಪವಾಸಕ್ಕೆ ಪಂಚಾಂಗವುಂಟು. ಇವನ್ನು ಮೊದಲೇ ಗೊತ್ತುಪಡಿಸಿ, ಜನರನ್ನು ಕರೆದು, ಅವರ ಮುಂದೆ ನೆರವೇರಿಸಬಹುದು. ಆದರೆ ಕ್ಷಮೆಯನ್ನು ಇಂಥ ತಿಥಿಯಂದು ಮಾಡುತ್ತೇನೆಂದು ಕರೆಯೋಲೆ ಕಳಿಸಲಾದೀತೇ? ಯಾರೋ ನಮ್ಮನ್ನು ನೋಯಿಸಿದ ಗಳಿಗೆಯಲ್ಲಿ, ಸಿದ್ಧತೆಯಿಲ್ಲದಾಗಲೇ, ಅದು ನಮ್ಮೆದುರಿಗೆ ಬಂದು ನಿಲ್ಲುತ್ತದೆ. ನಿಜವನ್ನು ಹೇಳಿದರೆ ನಷ್ಟವಾಗುವ ದಿನವೇ ಸತ್ಯದ ಪರೀಕ್ಷೆ. ಯಾರೂ ಕಾಣದೆ ದಕ್ಕಿಸಿಕೊಳ್ಳಬಹುದಾದ ವಸ್ತುವಿನ ಎದುರಿಗೇ ಅಲೋಭದ ಪರೀಕ್ಷೆ. ಮೊದಲಿನ ನಾಲ್ಕು ಕೀಳೆಂದು ವಿದುರನ ಅಭಿಪ್ರಾಯವಲ್ಲ, ಅವೂ ಧರ್ಮಮಾರ್ಗಗಳೇ. ಆದರೆ ಅವುಗಳಿಂದ ಮಾತ್ರ ಮನುಷ್ಯನನ್ನು ಅಳೆಯಬೇಡಿರೆಂಬುದು ಅವನ ಸೂಚನೆ.

ಔರಾದಿನ ದ್ವಾದಶಿ

ಇನ್ನು ನನ್ನ ಪ್ರಸಂಗವನ್ನು ಹೇಳುತ್ತೇನೆ. ಸುಮಾರು ಹನ್ನೆರಡು ವರ್ಷಗಳ ಹಿಂದಿನ ಮಾತು. ಪಾಠಶಾಲೆಯಿಂದ ಹೊರಬಂದು ಬಿ.ಎ. ಪರೀಕ್ಷೆಯಲ್ಲಿಯೂ ಉತ್ತೀರ್ಣನಾಗಿದ್ದೆ. ಎರಡು ವಿದ್ಯೆಗಳು ತಲೆಗೇರಿದ ಕಾಲ. ನಮ್ಮ ತೀರ್ಥರೂಪರು ಭಾಲ್ಕಿಯ ಕಡೆ ಒಂದು ಚಿಕ್ಕ ದೇವಾಲಯದ ಅರ್ಚಕರು. ನನ್ನ ಸೋದರಮಾವನವರ ಮನೆ ಔರಾದಿನಲ್ಲಿ. ಅವರು ಬೇರೆ ಮಠದ ಶಿಷ್ಯರು. ಮಠಗಳ ಪಂಚಾಂಗಗಣಿತದಲ್ಲಿ ಕೆಲವು ಘಳಿಗೆಗಳ ವ್ಯತ್ಯಾಸ ಬಂದಾಗ ದಶಮೀವೇಧದ ನಿರ್ಣಯವು ಭಿನ್ನವಾಗಿ, ಒಬ್ಬರಿಗೆ ಇಂದು ಏಕಾದಶಿಯಾದರೆ ಮತ್ತೊಬ್ಬರಿಗೆ ನಾಳೆಯಾಗುವುದು ವಾಚಕರಿಗೆ ತಿಳಿಯದ ಸಂಗತಿಯೇನಲ್ಲ.

ಅಂಥದೊಂದು ಏಕಾದಶಿಯ ಸಂಜೆ, ಅಂದರೆ ಅವರ ಏಕಾದಶಿ ಹಾಗೂ ನಮ್ಮ ದಶಮಿಯಂದು, ಒಂದು ಉಪನ್ಯಾಸದ ನಿಮಿತ್ತ ನಮ್ಮ ಮಠದ ಮೂವರು ಶಿಷ್ಯರೊಡನೆ ಮಾವನವರ ಮನೆಗೆ ಹೋಗಿ ತಂಗಿದೆ. ಮರುದಿನ ಅವರಿಗೆ ಪಾರಣೆ, ನಮಗೆ ಉಪವಾಸ. ಇದನ್ನು ಹಿಂದಿನ ರಾತ್ರಿಯೇ ಅತ್ತೆಯವರಿಗೆ ಒಂದು ಮಾತಿನಲ್ಲಿ ಹೇಳಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನಿರ್ಜಲ ಉಪವಾಸ ಮಾಡಿದ್ದ ಆ ತಾಯಿ ಬೆಳಗಿನ ಜಾವಕ್ಕೆ ಎದ್ದು, ಮಡಿಯುಟ್ಟು, ಅಡಿಗೆ ಮಾಡಿ, ನೈವೇದ್ಯ ಮುಗಿದ ಮೇಲೆ ನಾಲ್ವರು ಅತಿಥಿಗಳಿಗೂ ಎಲೆ ಹಾಕಿದರು. ಎಲೆಯ ಮುಂದೆ ನಿಂತು ನಾನು ಮಾತು ತೆಗೆದೆ. ನಿನ್ನೆಯ ಏಕಾದಶಿ ವಿದ್ಧವೆಂದೂ, ವಿದ್ಧೋಪವಾಸವು ನಿಷ್ಫಲವೆಂದೂ, ಈ ಮನೆಯಲ್ಲಿ ಈ ದಿನ ಅನ್ನಕ್ಕೆ ಕೈಯಿಡುವುದು ಪಾಪವೆಂದೂ ದೊಡ್ಡ ಧ್ವನಿಯಲ್ಲಿ ನಿರೂಪಿಸಿದೆ. ನನ್ನ ಸಂಗಡಿಗರು ತಲೆದೂಗಿದರು. ಮಾವನವರು ಏನೂ ಆಡಲಿಲ್ಲ. ಅತ್ತೆಯವರು ಸೌಟನ್ನು ಕೆಳಗಿಟ್ಟರು. ಅತಿಥಿಗಳು ಉಣ್ಣದೆ ತಾವು ಉಣ್ಣುವ ಪದ್ಧತಿ ಅವರದಲ್ಲ. ನಾವು ಎದ್ದು ಹೊರಟೆವು. ಪಾರಣೆಯ ಕಾಲವು ಕಳೆದುಹೋಯಿತೆಂದೂ, ಆ ದಿನ ಸಾಯಂಕಾಲದವರೆಗೆ ಅವರು ತುತ್ತು ಮುಟ್ಟಲಿಲ್ಲವೆಂದೂ ಅವರ ಮಗನಿಂದ ಆಮೇಲೆ ತಿಳಿಯಿತು.

ಇದಿಷ್ಟೇ ಆಗಿದ್ದರೆ ನನ್ನ ನಡತೆಯನ್ನು ಶಾಸ್ತ್ರನಿಷ್ಠೆಯೆಂದು ಈಗಲೂ ಸಮರ್ಥಿಸಿಕೊಳ್ಳುತ್ತಿದ್ದೆನೇನೋ. ಮುಂದೆ ನಡೆದದ್ದನ್ನು ಕೇಳಿರಿ. ಸಂಗಡಿಗರು ಮಧ್ಯದ ಊರಿನಲ್ಲಿ ಇಳಿದುಕೊಂಡರು. ಭಾಲ್ಕಿಯ ಬಸ್ ನಿಲ್ದಾಣಕ್ಕೆ ಬಂದಾಗ ಮಧ್ಯಾಹ್ನ. ಹಸಿವೆ, ಬಾಯಾರಿಕೆ, ಬಿಸಿಲು. ಪರಿಚಯದವರು ಯಾರೂ ಕಾಣಲಿಲ್ಲ. ಅಂಗಡಿಯ ಮೂಲೆಯ ಬೆಂಚಿನ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು ಒಂದು ಕಪ್ಪು ಚಹಾ ಕುಡಿದೆ. ಒಂದು ಪ್ಲೇಟು ಭಜಿಯನ್ನೂ ತಿಂದೆ. ಆ ಭಜಿಯಲ್ಲಿ ಏನೇನಿತ್ತೆಂದು ಕೇಳಲೂ ಇಲ್ಲ.

ಕನಕದಾಸರ ಬಾಳೆಯಹಣ್ಣಿನ ಕಥೆಯನ್ನು ನಮ್ಮ ಮನೆಗಳಲ್ಲಿ ತಿಳಿಯದ ಮಗುವಿಲ್ಲ. ಯಾರೂ ಕಾಣದೆಡೆಯಲ್ಲಿ ತಿಂದು ಬನ್ನಿರೆಂದು ಶ್ರೀವ್ಯಾಸರಾಜರು ಶಿಷ್ಯರಿಗೆ ಹಣ್ಣು ಕೊಡಲಾಗಿ, ಭಗವಂತನು ಕಾಣದ ಎಡೆಯೇ ಸಿಗಲಿಲ್ಲವೆಂದು ಕನಕರು ಹಣ್ಣನ್ನು ಹಿಂದಕ್ಕೆ ತಂದರು. ಈ ಕಥೆಯನ್ನು ನಾನೇ ಎಷ್ಟೋ ಸಭೆಗಳಲ್ಲಿ ಹೇಳಿದ್ದೆ. ನನಗೆ ಮಾತ್ರ ಭಾಲ್ಕಿಯ ಬಸ್ ನಿಲ್ದಾಣದಲ್ಲಿಯೇ ಅಂಥ ಎಡೆ ಸಿಕ್ಕಿಬಿಟ್ಟಿತು! ಔರಾದಿನಲ್ಲಿ ನಾನು ಉಪವಾಸವಿದ್ದುದು ಶ್ರೀಹರಿಗಾಗಿ ಅಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೇ? ಮೂವರು ಸಂಗಡಿಗರ ತಲೆದೂಗುವಿಕೆಗಾಗಿ ನಾನು ಉಪವಾಸವಿದ್ದೆ. ಅವರು ಬಸ್ಸಿನಿಂದ ಇಳಿದೊಡನೆ ನನ್ನ ಏಕಾದಶಿಯೂ ಇಳಿದುಹೋಯಿತು.

ರಾತ್ರಿ ತಡೆಯಲಾರದೆ ತೀರ್ಥರೂಪರ ಮುಂದೆ ಎಲ್ಲವನ್ನೂ ಹೇಳಿ ಪ್ರಾಯಶ್ಚಿತ್ತವೇನೆಂದು ಕೇಳಿದೆ. ಅವರು ಬಹಳ ಹೊತ್ತು ಸುಮ್ಮನಿದ್ದರು. ಅನಂತರ, "ಏಕಾದಶಿ ಮುರಿದದ್ದಕ್ಕ ಶಾಸ್ತ್ರದಾಗ ಪ್ರಾಯಶ್ಚಿತ್ತ ಅದ. ಹಸಿದಾಕಿನ್ನ ಎಲಿ ಮುಂದ ಬಿಟ್ಟು ಎದ್ದು ಬಂದಿ, ಅದಕ್ಕೇನ ಅದ? ಮೊದಲ ಅಲ್ಲಿಗೆ ಹೋಗು" ಎಂದರು.

ಪಕ್ಷವೇ ದಂಭದ ರಂಗಸ್ಥಳ

ಆ ದಿನದ ನನ್ನ ನಡತೆಯಲ್ಲಿ ಎರಡು ದೋಷಗಳು ಕೂಡಿಕೊಂಡಿದ್ದವು. ಒಂದು ದಂಭ, ಇನ್ನೊಂದು ಪಕ್ಷಾಭಿಮಾನ. ಇವೆರಡೂ ಬೇರೆ ಬೇರೆಯಾಗಿ ಕಂಡರೂ ಒಂದರ ಆಹಾರ ಇನ್ನೊಂದು. ನಾಟಕಕ್ಕೆ ಪ್ರೇಕ್ಷಕರು ಬೇಕು; ದಂಭಕ್ಕೆ ಪ್ರೇಕ್ಷಕರಾಗಿ ಒದಗುವವರು ನಮ್ಮ ಪಕ್ಷದವರೇ. ಪರರ ಮೆಚ್ಚುಗೆ ನಮಗೆ ಅಷ್ಟಾಗಿ ಬೇಕಿರುವುದಿಲ್ಲ. ನಮ್ಮವರೆನಿಸಿದವರ ಮೆಚ್ಚುಗೆಯೇ ಬೇಕು. ಅದನ್ನು ಪಡೆಯುವ ಎರಡು ದಾರಿಗಳುಂಟು. ತಾನು ಕಷ್ಟಪಟ್ಟು ಸದ್ಗುಣಿಯಾಗುವುದು ದೀರ್ಘವಾದ ದಾರಿ. ಹೊರಗಿನವನ ತಪ್ಪನ್ನು ಎತ್ತಿ ತೋರಿಸುವುದು ಹತ್ತಿರದ ದಾರಿ. ಅದರಲ್ಲಿ ನಮಗೆ ಏನೂ ಖರ್ಚಿಲ್ಲ. ಖರ್ಚನ್ನೆಲ್ಲ ಆ ಹೊರಗಿನವನೇ ಭರಿಸುತ್ತಾನೆ. ಔರಾದಿನಲ್ಲಿ ನನ್ನ ಆಚಾರನಿಷ್ಠೆಯ ಖರ್ಚನ್ನು ಭರಿಸಿದವರು ನನ್ನ ಅತ್ತೆಯವರು.

ಇದು ಮಡಿ-ಮೈಲಿಗೆಗಳ ಲೋಕಕ್ಕೆ ಮಾತ್ರ ಸಂಬಂಧಪಟ್ಟ ವ್ಯಾಧಿಯೆಂದು ಯಾರೂ ಭಾವಿಸಬಾರದು. ಕೂಲಿಯವನೊಬ್ಬನಿಗೆ ಅನ್ನದ ತಟ್ಟೆ ಕೊಡುವಾಗ ಆತನ ಮುಖವನ್ನು ನೋಡದೆ ಮೊಬೈಲಿನ ಕಡೆ ನೋಡಿ ನಗುವವರುಂಟು. ನಮ್ಮ ಬೀದರ ಜಿಲ್ಲೆಯಲ್ಲಿ ಕನ್ನಡ, ಮರಾಠಿ, ತೆಲುಗು, ಉರ್ದು ನಾಲ್ಕೂ ನುಡಿಗಳು ಒಂದೇ ಓಣಿಯಲ್ಲಿ ಕೇಳಿಬರುತ್ತವೆ. ಭಾಷಾಭಿಮಾನದ ದಿನ ಬಂದಾಗ ಪರಭಾಷೆಯ ಫಲಕಗಳ ಎದುರಿಗೆ ಗಟ್ಟಿಯಾಗಿ ಕೂಗಿ, ಮನೆಗೆ ಬಂದು ತಮ್ಮ ಮಕ್ಕಳಿಗೆ ತಾಯ್ನುಡಿಯ ಒಂದು ಪುಟವನ್ನೂ ಓದಿಸದವರು ಎಲ್ಲ ಭಾಷೆಗಳಲ್ಲಿಯೂ ಇದ್ದಾರೆ. ಒಂದು ರಾಜಕೀಯ ಪಕ್ಷದವನು ಇನ್ನೊಂದು ಪಕ್ಷದವನ ಲಂಚವನ್ನು ಕಂಡು ಧರ್ಮಕೋಪದಿಂದ ನಡುಗುತ್ತಾನೆ. ತನ್ನವನ ಲಂಚದ ಮಾತು ಬಂದಾಗ ಸಾಕ್ಷ್ಯ ಕೇಳುತ್ತಾನೆ. ಎಲ್ಲೆಡೆಯಲ್ಲಿಯೂ ಪ್ರಶ್ನೆ ಒಂದೇ ರೀತಿ ಬದಲಾಗಿಬಿಟ್ಟಿರುತ್ತದೆ. ‘ಇದು ಸರಿಯೇ?’ ಎಂದು ಕೇಳಬೇಕಾದಲ್ಲಿ ‘ಇವನು ಯಾರವನು?’ ಎಂದು ಕೇಳುತ್ತಿರುತ್ತೇವೆ.

ಬೀದರ ಕೋಟೆ ಹೇಳುವ ಪಾಠ

ಈ ವ್ಯಾಧಿಯು ಎಷ್ಟರ ಮಟ್ಟಿಗೆ ಬೆಳೆಯಬಲ್ಲುದೆಂಬುದಕ್ಕೆ ದೂರದ ನಿದರ್ಶನ ಬೇಕಾಗಿಲ್ಲ. ಬೀದರಿನ ಹಳೆಯ ಪೇಟೆಯಲ್ಲಿ ಒಂದೇ ಮಿನಾರು ಉಳಿದುಕೊಂಡಿರುವ ಮದರಸಾ ಕಟ್ಟಡವನ್ನು ನಾವೆಲ್ಲರೂ ನೋಡಿದ್ದೇವೆ. ಅದನ್ನು 1472ರಲ್ಲಿ ಕಟ್ಟಿಸಿದ ಮಹಮೂದ್ ಗಾವಾನನು ಇರಾನಿನ ಗಿಲಾನ್ ಪ್ರಾಂತದವನು. ವ್ಯಾಪಾರಿಯಾಗಿ 1453ರಲ್ಲಿ ಬೀದರಿಗೆ ಬಂದು, ಮುಂದೆ ಬಹಮನೀ ರಾಜ್ಯದ ಮುಖ್ಯಮಂತ್ರಿಯಾದನು. ಆಗಿನ ಆಸ್ಥಾನವು ಎರಡು ಪಂಗಡಗಳಾಗಿ ಒಡೆದಿತ್ತು. ಹಿಂದಿನಿಂದ ಇಲ್ಲಿಯೇ ನೆಲೆಸಿದವರು ದಖ್ಖನಿಗಳು. ಹೊರದೇಶಗಳಿಂದ ಹೊಸದಾಗಿ ಬಂದವರು ಆಫಾಕಿಗಳು. ಇಬ್ಬರೂ ಮುಸಲ್ಮಾನರೇ. ಇಬ್ಬರೂ ಒಬ್ಬನೇ ಸುಲ್ತಾನನ ಉಪ್ಪನ್ನು ಉಂಡವರು. ಆದರೂ ಒಬ್ಬರ ಏಳಿಗೆಯನ್ನು ಮತ್ತೊಬ್ಬರು ಸಹಿಸುತ್ತಿರಲಿಲ್ಲ. ಗಾವಾನನು ಸ್ವತಃ ಆಫಾಕಿಯಾಗಿದ್ದರೂ ಪದವಿಗಳನ್ನು ಎರಡೂ ಕಡೆಯವರಿಗೆ ಸಮತೂಕದಲ್ಲಿ ಹಂಚಲು ಯತ್ನಿಸಿದನು. ನಾಲ್ಕು ಪ್ರಾಂತಗಳನ್ನು ಎಂಟು ಮಾಡಿ ಪ್ರಾಂತಾಧಿಪತಿಗಳ ಬಲವನ್ನು ತಗ್ಗಿಸಿದನು. ಇದರಿಂದ ಅವನಿಗೆ ವೈರಿಗಳು ಹೆಚ್ಚಿದರು.

ವೈರಿಗಳು ಅವನ ಮುದ್ರಾಧಿಕಾರಿಯನ್ನು ವಶಪಡಿಸಿಕೊಂಡು ಬರಿಯ ಕಾಗದದ ಮೇಲೆ ಅವನ ಮುದ್ರೆಯನ್ನು ಒತ್ತಿಸಿಕೊಂಡರು. ಆಮೇಲೆ ಅದರ ಮೇಲೆ, ರಾಜ್ಯದ ಮೇಲೆ ದಂಡೆತ್ತಿ ಬರುವಂತೆ ಒರಿಸ್ಸಾದ ಅರಸನಿಗೆ ಗಾವಾನನು ಬರೆದಂತೆ ಒಂದು ಪತ್ರವನ್ನು ಬರೆದರು. ಸುಲ್ತಾನನು ಅವನನ್ನು ಕರೆಸಿ ಮುದ್ರೆಯು ನಿನ್ನದೇ ಎಂದು ಕೇಳಿದನು. ಮುದ್ರೆಯು ತನ್ನದು, ಆದರೆ ಬರಹವು ತನ್ನದಲ್ಲವೆಂದು ಗಾವಾನನು ಉತ್ತರಿಸಿದನೆಂದು ಇತಿಹಾಸವು ಹೇಳುತ್ತದೆ. ವಿಚಾರಣೆ ಅಲ್ಲಿಗೇ ಮುಗಿಯಿತು. 1481ರ ಏಪ್ರಿಲ್ 5ರಂದು, ಎಪ್ಪತ್ತರ ಆಸುಪಾಸಿನಲ್ಲಿದ್ದ ಆ ವೃದ್ಧನ ತಲೆಯನ್ನು ಕಡಿಸಲಾಯಿತು. ಬಳಿಕ ಅವನ ಭಂಡಾರವನ್ನು ಶೋಧಿಸಿದಾಗ ರಾಶಿ ಹೊನ್ನನ್ನು ನಿರೀಕ್ಷಿಸಿದ್ದ ಸುಲ್ತಾನನಿಗೆ ಸಿಕ್ಕಿದ್ದು ಅತ್ಯಲ್ಪ. ಜಹಗೀರಿನ ಉತ್ಪನ್ನವು ಸೈನ್ಯಕ್ಕೂ ದೀನದರಿದ್ರರಿಗೂ ಸಲ್ಲುತ್ತಿತ್ತೆಂದೂ, ಮಂತ್ರಿಯು ತನ್ನ ಊಟದ ವೆಚ್ಚಕ್ಕೆ ಸ್ವಂತ ವ್ಯಾಪಾರದ ಲಾಭದಿಂದ ಅತ್ಯಲ್ಪ ಹಣವನ್ನು ಮಾತ್ರ ಬಳಸುತ್ತಿದ್ದನೆಂದೂ, ಚಾಪೆಯ ಮೇಲೆ ಮಲಗಿ ಮಣ್ಣಿನ ಪಾತ್ರೆಯಲ್ಲಿ ಉಣ್ಣುತ್ತಿದ್ದನೆಂದೂ ಅವನ ಕಡೆಯವರು ತಿಳಿಸಿದರಂತೆ. ಹದಿನೇಳನೆಯ ಶತಮಾನದ ಆದಿಯಲ್ಲಿ ಬಿಜಾಪುರದಲ್ಲಿದ್ದು ಬರೆದ ಫಿರಿಶ್ತಾನ ಗ್ರಂಥದಿಂದ ಈ ವೃತ್ತಾಂತವು ಪ್ರಚಾರಕ್ಕೆ ಬಂದಿದೆ. ಮರುವರ್ಷವೇ ಸುಲ್ತಾನನು ತೀರಿಕೊಂಡನು. ಕೆಲವು ದಶಕಗಳೊಳಗೆ ರಾಜ್ಯವು ಐದು ಹೋಳಾಯಿತು.

ಈ ಪ್ರಸಂಗದಲ್ಲಿ ನಮ್ಮಂಥವರ ಎದೆಗೆ ತಾಗಬೇಕಾದ ಒಂದು ಮಾತಿದೆ. ಮುದ್ರೆಯು ನಿಜವಾಗಿದ್ದು ಬರಹವು ಸುಳ್ಳಾಗಿರಬಹುದು. ನಾವು ಪ್ರತಿನಿತ್ಯವೂ ಗೋಪೀಚಂದನದ ಮುದ್ರೆಗಳನ್ನು ಧರಿಸುತ್ತೇವೆ. ತಪ್ತಮುದ್ರಾಧಾರಣೆಗಾಗಿ ಸಾಲಿನಲ್ಲಿ ನಿಲ್ಲುತ್ತೇವೆ. ಶಂಖಚಕ್ರಗಳ ಆ ಮುದ್ರೆ ಸರ್ವಥಾ ನಿಜ. ಈ ದೇಹವು ಶ್ರೀಹರಿಗೆ ಸೇರಿದ್ದೆಂಬುದಕ್ಕೆ ಅದು ಒಡೆಯನ ಗುರುತು. ಆದರೆ ಆ ಮುದ್ರೆಯ ಕೆಳಗೆ ದಿನವೆಲ್ಲ ನಾವು ಬರೆಯುವ ಬರಹವು ಯಾರದು? ಅಂದು ಔರಾದಿನಲ್ಲಿ ನನ್ನ ಮೈಮೇಲೆ ಮುದ್ರೆಗಳು ಸ್ಫುಟವಾಗಿಯೇ ಮೂಡಿದ್ದವು. ಕೆಳಗಿನ ಪತ್ರವನ್ನು ಬರೆದದ್ದು ನನ್ನ ಅಹಂಕಾರ.

ಬೀದರಿನ ಸುಲ್ತಾನರ ಕಾಲಕ್ಕೇ ಸೇರಿದ ಇನ್ನೊಂದು ಕಥೆಯು ಪಂಢರಪುರದ ಭಕ್ತಪರಂಪರೆಯಲ್ಲಿ ಪ್ರಸಿದ್ಧವಾಗಿದೆ. ಮಂಗಳವೇಢೆಯಲ್ಲಿ ಸುಲ್ತಾನನ ಅಧಿಕಾರಿಯಾಗಿದ್ದ ದಾಮಾಜಿ ಪಂತನು ಘೋರ ದುರ್ಭಿಕ್ಷದಲ್ಲಿ ಸರಕಾರಿ ಕಣಜಗಳನ್ನು ತೆರೆದು ಜನರಿಗೆ ಧಾನ್ಯವನ್ನು ಹಂಚಿದನು. ಫಲ ರಾಜದಂಡನೆಯೆಂದು ಆತನಿಗೆ ಗೊತ್ತಿತ್ತು. ಸೆರೆಯಾಳಾಗಿ ಅವನನ್ನು ಬೀದರಿಗೆ ಒಯ್ಯುತ್ತಿರುವಾಗ, ಸಾಕ್ಷಾತ್ ವಿಠ್ಠಲನೇ ಮುಂದಾಗಿ ಬೀದರಿಗೆ ಬಂದು ಧಾನ್ಯದ ಬೆಲೆಯನ್ನು ಸುಲ್ತಾನನ ಮುಂದೆ ಸುರಿದು ರಸೀದಿ ಪಡೆದನೆಂದು ಕಥೆ. ಭಗವಂತನು ಯಾವ ವೇಷದಿಂದ ಬಂದನು? ವಿಠೂ ಎಂಬ ಮಹಾರನ ವೇಷದಿಂದ. ಊರು ಯಾರನ್ನು ಹೊರಗಿಟ್ಟಿತ್ತೋ ಅವರ ಕಂಬಳಿಯನ್ನು ಹೊದ್ದು, ಕೈಯಲ್ಲಿ ಕೋಲು ಹಿಡಿದು ಬಂದನು. ಈ ಕಥೆಯನ್ನು ಭಕ್ತಿಯಿಂದ ಕೇಳುವ ನಾವು, ಅಂಥ ಕಂಬಳಿಯವನು ಬಾಗಿಲಿಗೆ ಬಂದರೆ ಏನು ಮಾಡುತ್ತೇವೆಂದು ನಮ್ಮನ್ನೇ ಕೇಳಿಕೊಳ್ಳಬೇಕು. ದಾಮಾಜಿಯ ದಾನಕ್ಕೂ ಫಲಕದ ದಾನಕ್ಕೂ ಇರುವ ಅಂತರವನ್ನೂ ನೋಡಬೇಕು. ಅವನು ಕೊಟ್ಟದ್ದರ ಬೆಲೆ ಅವನ ತಲೆಯಾಗಿತ್ತು.

ಎರಡು ಆಕ್ಷೇಪಗಳು

ಇಲ್ಲಿ ಪೂರ್ವಪಕ್ಷವೊಂದು ಏಳುತ್ತದೆ. ‘ಹಾಗಾದರೆ ಎಲ್ಲರಿಗೂ ಕಾಣುವಂತೆ ಮಾಡಿದ ಸತ್ಕರ್ಮವೆಲ್ಲ ದಂಭವೇ? ನಾಮಮುದ್ರೆಗಳು ಹೊರಗೆ ಕಾಣುವಂಥವೇ ಅಲ್ಲವೇ? ಶ್ರೇಷ್ಠರು ಆಚರಿಸಿದ್ದನ್ನು ಕಂಡು ಲೋಕವು ಅನುಸರಿಸಬೇಕೆಂದು ಗೀತೆಯೇ ಹೇಳುವುದಿಲ್ಲವೇ?’ ಈ ಆಕ್ಷೇಪವು ನ್ಯಾಯವಾದದ್ದು. ಮಕ್ಕಳು ಸಂಧ್ಯಾವಂದನೆಯನ್ನು ಕಲಿಯುವುದು ತಂದೆ ಮಾಡುವುದನ್ನು ನೋಡಿಯೇ. ದಾನಿಗಳ ಯಾದಿಯನ್ನು ಪ್ರಕಟಿಸುವುದರಿಂದ ಲೆಕ್ಕವೂ ಶುದ್ಧವಾಗಿರುತ್ತದೆ. ಆದ್ದರಿಂದ ಕಾಣುವುದು ದೋಷವಲ್ಲ. ಕಾಣಲೆಂದೇ ಮಾಡುವುದು ದೋಷ. ಸತ್ಕಾರ, ಮಾನ, ಪೂಜೆಗಳ ಆಸೆಯಿಂದ ದಂಭದಿಂದ ಮಾಡಿದ ತಪಸ್ಸು ರಾಜಸವೆಂದೂ ಅಸ್ಥಿರವೆಂದೂ ಗೀತೆಯ ಹದಿನೇಳನೆಯ ಅಧ್ಯಾಯವು ಹೇಳುವಾಗ ಕ್ರಿಯೆಯನ್ನು ನಿಂದಿಸಿಲ್ಲ; ಉದ್ದೇಶವನ್ನು ತೋರಿಸಿದೆ. ಪ್ರೇಕ್ಷಕರು ಎದ್ದುಹೋದರೂ ನಿಲ್ಲದೆ ನಡೆಯುವುದು ಆಚಾರ. ಅವರೊಡನೆ ಎದ್ದುಹೋಗುವುದು ಪ್ರದರ್ಶನ.

ಎರಡನೆಯ ಆಕ್ಷೇಪ: ‘ಸ್ವಮಠ, ಸ್ವಭಾಷೆ, ಸ್ವಜನರಲ್ಲಿ ಅಭಿಮಾನವು ತಪ್ಪೇ? ಗುರುಪರಂಪರೆಯ ನಿಷ್ಠೆಯಿಲ್ಲದೆ ಜ್ಞಾನವು ಲಭಿಸೀತೇ?’ ತಪ್ಪಲ್ಲ. ಒಂದು ಬಾವಿಯ ನೀರನ್ನು ಕುಡಿದು ಬೆಳೆದವನು ಆ ಬಾವಿಯನ್ನು ಪ್ರೀತಿಸುವುದು ಸಹಜ. ಆದರೆ ಪಕ್ಕದ ಬಾವಿಯಲ್ಲಿ ವಿಷವಿದೆಯೆಂದು ಸಾರಿದರೆ ಮಾತ್ರ ನಮ್ಮ ಬಾವಿಯ ನೀರು ಸಿಹಿಯಾಗುವುದೆಂದು ಭಾವಿಸುವುದು ವಿಪರೀತ. ನಿಷ್ಠೆಗೆ ತನ್ನ ಗುರು ಸಾಕು. ಪಕ್ಷಾಭಿಮಾನಕ್ಕೆ ಒಬ್ಬ ಶತ್ರುವೂ ಬೇಕು.

ಇದಕ್ಕೆ ನಮ್ಮ ಹರಿದಾಸ ಪರಂಪರೆಯಲ್ಲಿಯೇ ದೊಡ್ಡ ಸಾಕ್ಷಿಯಿದೆ. ಮಾನ್ವಿಯಲ್ಲಿ ಶ್ರೀನಿವಾಸಾಚಾರ್ಯರೆಂಬ ಪ್ರಚಂಡ ಪಂಡಿತರಿದ್ದರು. ಶ್ರೀವಿಜಯದಾಸರು ಆ ಊರಿಗೆ ಬಂದು ಪ್ರಸಾದಕ್ಕೆ ಕರೆದಾಗ, ಕನ್ನಡದಲ್ಲಿ ಹಾಡುವ ದಾಸರ ಪಂಕ್ತಿಯಲ್ಲಿ ಕೂಡುವುದು ಪಂಡಿತನಿಗೆ ಕುಂದೆಂದು ಬಗೆದು, ಹೊಟ್ಟೆನೋವೆಂಬ ನೆವ ಹೇಳಿ ತಪ್ಪಿಸಿಕೊಂಡರು. ನೆವವು ನಿಜವಾಯಿತು, ಸಹಿಸಲಾಗದ ಉದರಶೂಲೆ ಬಂದೊದಗಿತು. ಕೊನೆಗೆ ವಿಜಯದಾಸರ ಅಪ್ಪಣೆಯಂತೆ ಗೋಪಾಲದಾಸರ ಅನುಗ್ರಹದಿಂದ ಗುಣಮುಖರಾಗಿ ಅವರೇ ಜಗನ್ನಾಥದಾಸರಾದರು. ತಾವು ಕೀಳೆಂದು ತಿಳಿದಿದ್ದ ಕನ್ನಡದಲ್ಲಿಯೇ ಹರಿಕಥಾಮೃತಸಾರವನ್ನು ರಚಿಸಿದರು. ಮಾನ್ವಿಯ ಆ ಎಲೆಗೂ ಔರಾದಿನ ಎಲೆಗೂ ವ್ಯತ್ಯಾಸವೇನು? ಅವರಿಗೆ ಹೊಟ್ಟೆಯಲ್ಲಿ ಬಂದ ಶೂಲೆ ನನಗೆ ಮನಸ್ಸಿನಲ್ಲಿ ಬಂದಿತೆಂಬುದಷ್ಟೇ. ಶ್ರೀಪುರಂದರದಾಸರು ತೋರಿಕೆಯ ವೈರಾಗ್ಯಕ್ಕೆ ‘ಉದರವೈರಾಗ್ಯ’ವೆಂದು ಹೆಸರಿಟ್ಟು ಹಾಡಿದ್ದು ನಮ್ಮಂಥವರಿಗಾಗಿಯೇ. ಅದನ್ನು ನಾವು ಭಜನೆಯಲ್ಲಿ ತಾಳ ಹಾಕಿ ಹಾಡುತ್ತೇವೆ. ಯಾರನ್ನು ಕುರಿತದ್ದೆಂದು ಅಕ್ಕಪಕ್ಕ ನೋಡುತ್ತೇವೆ.

ಆನೆಗೊಂದಿಯ ನವವೃಂದಾವನದ ಗಡ್ಡೆಯನ್ನು ದರ್ಶಿಸಿದವರಿಗೆ ಇನ್ನೊಂದು ಪಾಠವು ಕಣ್ಣಿಗೇ ಕಾಣುತ್ತದೆ. ಶ್ರೀಪದ್ಮನಾಭತೀರ್ಥರು, ಶ್ರೀರಘುವರ್ಯತೀರ್ಥರು, ಶ್ರೀಸುಧೀಂದ್ರತೀರ್ಥರು ಮೊದಲಾಗಿ ಈಗ ಬೇರೆ ಬೇರೆ ಮಠಗಳೆಂದು ನಾವು ಎಣಿಸುವ ಪರಂಪರೆಗಳ ಯತಿಗಳು ಶ್ರೀವ್ಯಾಸರಾಜರನ್ನು ನಡುವಿರಿಸಿಕೊಂಡು ಒಂದೇ ನೆಲದಲ್ಲಿ ವಿರಾಜಿಸಿದ್ದಾರೆ. ಅಲ್ಲಿಯ ಪೂಜಾಧಿಕಾರದ ವ್ಯಾಜ್ಯವು ನ್ಯಾಯಾಲಯಗಳ ಮೆಟ್ಟಿಲನ್ನು ಏರಿದ್ದೂ ಸುಳ್ಳಲ್ಲ. ಆದರೆ 2019ರ ಜುಲೈ ತಿಂಗಳಿನಲ್ಲಿ ನಿಧಿಯ ಆಸೆಯಿಂದ ದುಷ್ಕರ್ಮಿಗಳು ವ್ಯಾಸರಾಜರ ವೃಂದಾವನವನ್ನು ಕೆಡವಿದಾಗ, ಎಲ್ಲ ಮಠಗಳ ಭಕ್ತರೂ ಧಾವಿಸಿ ಬಂದು ಕೆಲವೇ ದಿನಗಳೊಳಗೆ ಅದನ್ನು ಪುನಃ ನಿಲ್ಲಿಸಿದರು. ಕಲ್ಲು ಎತ್ತುವವನ ಮಠ ಯಾವುದೆಂದು ಅಂದು ಯಾರೂ ಕೇಳಿರಲಾರರು. ವಿಪತ್ತಿನಲ್ಲಿ ಕಂಡ ಈ ಬುದ್ಧಿಯು ಸಂಪತ್ತಿನಲ್ಲಿಯೂ ಏಕೆ ಉಳಿಯಬಾರದು?

ಹೊರಗಿನ ಫಲಕ, ಒಳಗಿನ ಪಾಠ

ನಮ್ಮ ಮತದವರಲ್ಲದ ಒಬ್ಬ ಮಹನೀಯರನ್ನು ಇಲ್ಲಿ ನೆನೆಯದಿದ್ದರೆ ಈ ಲೇಖನವೇ ಪಕ್ಷಾಭಿಮಾನಕ್ಕೆ ಉದಾಹರಣೆಯಾದೀತು. ಭಾಲ್ಕಿಯ ಹಿರೇಮಠದ ಶ್ರೀ ಚನ್ನಬಸವ ಪಟ್ಟದ್ದೇವರು (1890–1999) ನಿಜಾಮರ ಆಳ್ವಿಕೆಯಲ್ಲಿ ಕನ್ನಡ ಶಾಲೆಗೆ ಅನುಕೂಲವಿಲ್ಲದಿದ್ದಾಗ ಹೊರಗೆ ಉರ್ದು ಫಲಕವನ್ನು ಹಾಕಿಸಿ ಒಳಗೆ ಕನ್ನಡವನ್ನು ಕಲಿಸಿದರೆಂಬುದು ನಮ್ಮ ಭಾಗದಲ್ಲಿ ಮನೆಮಾತು. ನಮ್ಮ ತೀರ್ಥರೂಪರು ಮಠ ಬೇರೆ, ಮತ ಬೇರೆ ಎಂದೆಣಿಸದೆ ಅವರ ಹೆಸರನ್ನು ಯಾವಾಗಲೂ ಗೌರವದಿಂದ ಹೇಳುತ್ತಿದ್ದರು. ಈಗಿನ ನಮ್ಮ ರೀತಿಯನ್ನು ಇದರೊಡನೆ ಹೋಲಿಸಿರಿ. ನಮ್ಮ ಫಲಕದ ಮೇಲೆ ಕನ್ನಡ, ಧರ್ಮ, ಸೇವೆ ಎಲ್ಲವೂ ದಪ್ಪಕ್ಷರಗಳಲ್ಲಿ ಇರುತ್ತವೆ; ಒಳಗೆ ಹೋಗಿ ನೋಡಿದರೆ ಪಾಠವೇ ನಡೆಯುತ್ತಿರುವುದಿಲ್ಲ. ಅವರು ತಮ್ಮ ಗುಣವನ್ನು ಮುಚ್ಚಿಟ್ಟು ಕೆಲಸವನ್ನು ಉಳಿಸಿದರು. ನಾವು ಕೆಲಸವನ್ನು ಬಿಟ್ಟು ಗುಣದ ಫಲಕವನ್ನು ಉಳಿಸಿಕೊಂಡಿದ್ದೇವೆ.

ಇಷ್ಟನ್ನೆಲ್ಲ ಓದಿ ವಾಚಕರು ನೆರೆಮನೆಯವರನ್ನು ‘ದಾಂಭಿಕ’ರೆಂದು ಕರೆಯಲು ಹೊರಟರೆ ನನ್ನ ಶ್ರಮವು ವ್ಯರ್ಥ. ಪರರ ಅಂತರಂಗವನ್ನು ಬಲ್ಲವನು ಅಂತರ್ಯಾಮಿಯೊಬ್ಬನೇ. ಉದ್ದ ನಾಮ ಹಾಕಿದವನೆಲ್ಲ ಕಪಟಿಯೆಂದು ನಗುವುದೂ ಒಂದು ಪಕ್ಷವೇ. ‘ನಾವು ಆಡಂಬರದವರಲ್ಲ’ ಎಂದು ಸಾರುವುದೂ ಒಂದು ಆಡಂಬರವೇ. ತನ್ನ ತಪ್ಪನ್ನು ಹತ್ತು ಜನರೆದುರು ಒಪ್ಪಿಕೊಳ್ಳುವ ಈ ಲೇಖನದಲ್ಲಿಯೂ ಒಪ್ಪಿಕೊಂಡೆನೆಂಬ ಹೆಮ್ಮೆಯು ನುಸುಳಿರಬಹುದು. ಆದ್ದರಿಂದ ಈ ಶಸ್ತ್ರವನ್ನು ಪರರ ಮೇಲೆ ಎತ್ತದೆ ತನ್ನ ಮೇಲೆಯೇ ಪ್ರಯೋಗಿಸಿಕೊಳ್ಳತಕ್ಕದ್ದು. ರಾತ್ರಿ ಮಲಗುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿಕೊಂಡರೆ ಸಾಕು. ಇಂದು ಮಾಡಿದ್ದನ್ನು ಯಾರೂ ನೋಡದಿದ್ದರೂ ಮಾಡುತ್ತಿದ್ದೆನೇ? ನನ್ನ ಧರ್ಮದ ಖರ್ಚನ್ನು ನಾನು ಭರಿಸಿದೆನೇ, ಬೇರೊಬ್ಬರು ಭರಿಸಿದರೇ? ಪರರ ತಪ್ಪನ್ನು ಅಳೆದ ಸೇರಿನಿಂದಲೇ ನನ್ನವರ ತಪ್ಪನ್ನೂ ಅಳೆದೆನೇ? ಪೂಜೆಯ ಕೊನೆಯಲ್ಲಿ ಎಲ್ಲವನ್ನೂ ಕೃಷ್ಣಾರ್ಪಣವೆನ್ನುತ್ತೇವೆ. ಕರ್ತೃತ್ವವು ಶ್ರೀಹರಿಯದೆಂದು ಒಪ್ಪಿಸಿಬಿಟ್ಟ ಮೇಲೆ ಅದನ್ನು ಮತ್ತೆ ಊರಿನ ಮುಂದೆ ನಮ್ಮ ಹೆಸರಿನಲ್ಲಿ ತೋರಿಸುವುದು ಕೊಟ್ಟ ದಾನವನ್ನು ಹಿಂದಕ್ಕೆ ಪಡೆದಂತೆ.

ಔರಾದಿಗೆ ಹೋಗಲು ನನಗೆ ಧೈರ್ಯ ಬರುವುದಕ್ಕೆ ನಾಲ್ಕು ತಿಂಗಳು ಹಿಡಿಯಿತು. ದಾರಿಯುದ್ದಕ್ಕೂ ಕ್ಷಮಾಪಣೆಯ ಮಾತುಗಳನ್ನು ಜೋಡಿಸಿಕೊಂಡಿದ್ದೆ, ಶಾಸ್ತ್ರವಾಕ್ಯಗಳೂ ಸಿದ್ಧವಾಗಿದ್ದವು. ಬಾಗಿಲಲ್ಲಿ ನಿಂತು ಮಾತು ಆರಂಭಿಸುವಷ್ಟರಲ್ಲಿ ಅತ್ತೆಯವರು, "ಊಟದ ಹೊತ್ತಾಗ್ಯದ, ಕೈಕಾಲ ತೊಳಕೊ" ಎಂದರು. ಅಂದು ಎಲೆಯ ಮುಂದೆ ಕುಳಿತು ಉಂಡೆ. ಆ ಪ್ರಸಂಗವನ್ನು ಅವರು ಮುಂದೆಂದೂ ಎತ್ತಲಿಲ್ಲ. ಕ್ಷಮಿಸಿದೆನೆಂದು ಕೂಡ ಹೇಳಲಿಲ್ಲ. ವಿದುರನು ಹೇಳಿದ ಕಡೆಯ ನಾಲ್ಕರಲ್ಲಿ ಒಂದನ್ನು ನಾನು ಪ್ರತ್ಯಕ್ಷವಾಗಿ ಕಂಡದ್ದು ಅಡಿಗೆಮನೆಯ ಆ ಬಾಗಿಲಲ್ಲಿ. ಆ ಸಾಧ್ವಿಯು ಈಗ ಹರಿಪಾದವನ್ನು ಸೇರಿದ್ದಾರೆ. ಅವರ ಹೆಸರು ಯಾವ ದಾನಿಗಳ ಫಲಕದಲ್ಲಿಯೂ ಇಲ್ಲ.

ಬೀದರಿನ ಝರಣಿ ನರಸಿಂಹನ ಗುಹೆಯಲ್ಲಿ ನೀರು ತುಂಬಿದ ಕಾಲಕ್ಕೆ ಎದೆಯುದ್ದ ನೀರಿನಲ್ಲಿ ನಡೆದುಹೋಗಿ ಸ್ವಾಮಿಯ ದರ್ಶನವನ್ನು ಪಡೆಯಬೇಕು. ಒಳಗೆ ಕತ್ತಲೆ, ಮುಂದಿನವರು ಯಾರು, ಹಿಂದಿನವರು ಯಾರೆಂದು ಗುರುತು ಹತ್ತುವುದಿಲ್ಲ. ಮರಾಠಿಯಲ್ಲಿ ಒಬ್ಬರು, ತೆಲುಗಿನಲ್ಲಿ ಒಬ್ಬರು, ಕನ್ನಡದಲ್ಲಿ ಒಬ್ಬರು ಗೋವಿಂದನನ್ನು ಕರೆಯುತ್ತಿರುತ್ತಾರೆ. ಕಾಲು ಜಾರಿದಾಗ ಯಾರದೋ ಭುಜವನ್ನು ಹಿಡಿಯುತ್ತೇವೆ. ಅದು ಯಾರ ಭುಜವೆಂದು ವಿಚಾರಿಸುವುದಿಲ್ಲ. ಹಚ್ಚಿಕೊಂಡ ಗಂಧವೂ ಮುದ್ರೆಯೂ ನೀರಿನಲ್ಲಿ ಕರಗಿಹೋಗಿರುತ್ತವೆ. ಗುಹೆಯ ಕೊನೆಯಲ್ಲಿರುವ ಸ್ವಾಮಿಗೆ ಆ ಗುರುತುಗಳಿಲ್ಲದೆಯೂ ನಮ್ಮ ಪರಿಚಯವುಂಟು. ಈ ಎಚ್ಚರವು ಗುಹೆಯಿಂದ ಹೊರಬಂದು ಮೈ ಒರೆಸಿಕೊಂಡ ಮೇಲೂ ನಮ್ಮಲ್ಲಿ ಉಳಿಯಲೆಂದು ಆ ನರಸಿಂಹನನ್ನೇ ಪ್ರಾರ್ಥಿಸುತ್ತೇನೆ.

ಶ್ರೀಕೃಷ್ಣಾರ್ಪಣಮಸ್ತು